ಸೂರು ನೋಡದೆ ಕೊಂಡ ಮನೆಗಾಡಿ

೧೯೮೯ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸಿನ ಅರ್ಧಕ್ಕೆ. ಫೇಲಾಗಿ ಬಿಟ್ಟದ್ದಲ್ಲ, ಮೇಷ್ಟ್ರಿಗೆ ಹೆದರಿ ಓಡಿಹೋದದ್ದೂ ಅಲ್ಲ. ಮದಕರಿಪುರದಿಂದ ಚಿತ್ರದುರ್ಗಕ್ಕೆ ನಡೆದುಹೋಗಿ, ಲಾರಿ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಸುತ್ತಿಗೆ ಹಿಡಿದೆ, ಅಷ್ಟೇ. ಇವತ್ತು ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ನನ್ನದೇ ಶೆಡ್ ಇದೆ. ನಾನು ಬಾಡಿ ಕಟ್ಟಿಕೊಟ್ಟ ಲಾರಿಗಳು ಗುಜರಾತಿನವರೆಗೂ ಓಡುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದು ನನ್ನ ಮರ್ಯಾದೆ ಹೆಚ್ಚಿಸುವ ಸಂಗತಿಯಲ್ಲ.

ನ್ಯೂಜಿಲೆಂಡಿನಿಂದ ಬಂದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ. "ಹೆಂಗೈತೆ ತಿಪ್ಪೇಸ್ವಾಮಿ ಫಾರಿನ್ನು? ಹಿಮ ನೋಡಿದ್ಯಾ?" ನೋಡಿದೆ. ನಮ್ಮ ಜೋಗಿಮಟ್ಟಿ ಬೆಟ್ಟಕ್ಕೆ ಯಾರೋ ಸುಣ್ಣ ಬಳಿದ ಹಾಗೆ ಕಾಣುತ್ತದೆ, ಆಯಿತಲ್ಲ. ಹಿಮ ನೋಡಲು ನಾನು ಹೋಗಿರಲಿಲ್ಲ. ತಂಗಿಯ ಮಗಳು ಶಶಿಕಲಾ ಕೊಳ್ಳಬೇಕೆಂದಿದ್ದ ಮನೆ ನೋಡಲು ಹೋಗಿದ್ದೆ. ಆ ಮನೆಗೆ ಚಕ್ರಗಳಿದ್ದವು. ಅಲ್ಲಿ ಅದಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ. ಲಾರಿಯ ಚಾಸಿ ಮೇಲೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಕೂರಿಸಿದ ಗಾಡಿ. ನಾನು ಮನೆಗಾಡಿ ಎನ್ನುತ್ತೇನೆ.

ಶಶಿ ಹೊಸದುರ್ಗದ ಹುಡುಗಿ. ಪಶುಪಾಲನೆಯ ಡಿಪ್ಲೊಮಾ ಮಾಡಿ ಅಲ್ಲಿಯ ಡೇರಿ ಫಾರಮ್ಮಿನಲ್ಲಿ ಹಸು ಕರೆಯುವ ಕೆಲಸಕ್ಕೆ ಹೋಗಿದ್ದಳು. ಆ ದೇಶದಲ್ಲಿ ಡೇರಿಯವರ ವರ್ಷ ಮೇ ತಿಂಗಳ ಕೊನೆಗೆ ಮುಗಿಯುತ್ತದೆ. ಜೂನ್ ಒಂದನೇ ತಾರೀಕು ಕೆಲಸಗಾರರು ಒಂದು ಫಾರಮ್ಮಿನಿಂದ ಇನ್ನೊಂದಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಮನೆ ಕೆಲಸದ ಜೊತೆಗೆ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ಈ ಸಲ ಶಶಿಗೆ ಬೆಟ್ಟದಾಚೆ ಕೆಲಸ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. "ಗಾಡಿ ನಿಲ್ಲಿಸಾಕೆ ಜಾಗ, ಕರೆಂಟು, ನೀರು ಕೊಡ್ತೀನಿ, ಸೂರು ನೀನೇ ತಾ" ಎಂದಿದ್ದನಂತೆ ಹೊಸ ಯಜಮಾನ. ಜೂನ್ ಒಂದಕ್ಕೆ ಸೂರು ಇಲ್ಲದಿದ್ದರೆ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ಆ ದೇಶದಲ್ಲಿ ಇರುವ ಹಾಗೂ ಇಲ್ಲ.

"ನೀವೇ ಬಂದು ನೋಡ್ರಿ ಮಾವ. ವೀಡಿಯೋದಾಗೆ ಎಲ್ಲಾ ಗಾಡಿನೂ ಚೆಂದ ಕಾಣ್ತಾವೆ" ಎಂದಳು ಫೋನಿನಲ್ಲಿ.

ತಂಗಿ ರತ್ನಮ್ಮ ಬೆನ್ನಿಗೆ ಬಿದ್ದಳು. "ಹೋಗಣ್ಣ. ಗಂಡಿನ ಮನೆ ನೋಡಾಕೆ ಸೋದರಮಾವ ಹೋಗಬೇಕಿತ್ತು. ಇವಳು ನೋಡಿದ್ರೆ ಗಂಡೇ ಇಲ್ದಂಗೆ ಬರೀ ಮನೆ ಕಟ್ಕೊಳ್ತಾಳಂತೆ. ಅದನ್ನಾದ್ರೂ ನೋಡ್ಕಂಡು ಬಾ."

ಹೋದೆ.

ಕ್ರೈಸ್ಟ್‌ಚರ್ಚ್

ಮೊದಲ ಸಿಟ್ಟು ವಿಮಾನ ನಿಲ್ದಾಣದಲ್ಲೇ. ಹೊರದೇಶದ ಮಣ್ಣು ಒಂದು ಚಿಟಿಕೆಯೂ ಒಳಗೆ ಬರಬಾರದು ಎಂಬುದು ಅವರ ಕಾಯಿದೆ. ನನ್ನ ಬೂಟಿನ ಅಡಿ ನೋಡಿದ ಅಧಿಕಾರಿ ಹೆಂಗಸು ಅವನ್ನು ಬಿಚ್ಚಿಸಿಕೊಂಡು ಒಳಗೆ ಹೋದಳು. ಕಾಲುಚೀಲದಲ್ಲಿ ಕಂಬದ ಹಾಗೆ ನಿಂತೆ. ಸ್ವಲ್ಪ ಹೊತ್ತಿಗೆ ಬೂಟುಗಳನ್ನು ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ನನ್ನ ಬೂಟನ್ನು ನನ್ನ ಹೆಂಡತಿಗೂ ತೊಳೆಯಲು ಬಿಟ್ಟವನಲ್ಲ ನಾನು. ಬೈದು ಕಳಿಸಿದ್ದರೆ ಸುಮ್ಮನಿರುತ್ತಿದ್ದೆ. ನಗುತ್ತಾ ತೊಳೆದುಕೊಟ್ಟಳಲ್ಲ, ಆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಒದ್ದೆ ಬೂಟಿನಲ್ಲೇ ಹೊರಗೆ ಬಂದೆ.

ಶಶಿ ನಿಂತಿದ್ದಳು. ಸೊರಗಿದ್ದಳು, ತೋಳು ಮಾತ್ರ ಗಟ್ಟಿಯಾಗಿತ್ತು. ಕಾಲಿಗೆ ಬಿದ್ದು, ಎದ್ದು, "ಇದೇನ್ ಮಾವ ಬೂಟು ಚಪ್ಪಕ್ ಚಪ್ಪಕ್ ಅಂತಾವೆ?" ಎಂದು ನಕ್ಕಳು.

ಆಶ್‌ಬರ್ಟನ್

ಅವಳ ಫಾರಮ್ಮು ಬಯಲುಸೀಮೆಯಲ್ಲಿತ್ತು. ಇದು ನನಗೆ ಆಶ್ಚರ್ಯ. ಎಲ್ಲೆಲ್ಲೂ ಹಸಿರು, ಮಳೆ ಎಂದುಕೊಂಡು ಹೋಗಿದ್ದೆ. ಬೆಟ್ಟದ ಈ ಕಡೆ ಅವರಿಗೂ ನಮ್ಮ ಹಾಗೇ ಮಳೆ ಕಡಿಮೆ. ನೀರು ಹಾಯಿಸಿ ಹುಲ್ಲು ಬೆಳೆಯುತ್ತಾರೆ. ಇದು ನೆನಪಿರಲಿ.

ನಸುಕಿಗೇ ಎದ್ದು ಆಕೆ ಹಾಲು ಕರೆಯಲು ಹೋಗುತ್ತಿದ್ದಳು. ಗುಂಡಗೆ ತಿರುಗುವ ಕಟ್ಟೆ, ಅದರ ಮೇಲೆ ಒಂದೊಂದಾಗಿ ಹತ್ತುವ ಹಸುಗಳು. ಒಂದಕ್ಕೂ ಹೆಸರಿಲ್ಲ, ಕಿವಿಯಲ್ಲಿ ನಂಬರು. "ಹೆಸರು ಇಡಬೌದಲ್ಲೇ?" ಎಂದೆ. "ಇಟ್ಟಿದ್ದೆ ಮಾವ. ಜೂನ್ ಒಂದಕ್ಕೆ ಬಿಟ್ಟು ಬರಬೇಕಾದ್ರೆ ಅಳು ಬರ್ತೈತೆ. ಈಗ ಇಡಲ್ಲ" ಎಂದಳು. ಅವಳ ಕೋಣೆಯಲ್ಲಿ ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ದೇವರ ಪಟವನ್ನು ಕಿಟಕಿಗೆ ಒರಗಿಸಿ ಇಟ್ಟಿದ್ದಳು. ಬಾಡಿಗೆ ಮನೆಯವರಿಗೂ ನಮ್ಮಲ್ಲಿ ಒಂದು ಮೊಳೆಯ ಹಕ್ಕಿದೆ. ಅದನ್ನು ನೋಡಿದ ಮೇಲೆ, ಈ ಹುಡುಗಿಗೆ ಒಂದು ಒಳ್ಳೆಯ ಗಾಡಿ ಕೊಡಿಸದೆ ವಾಪಸು ಹೋಗುವುದಿಲ್ಲ ಎಂದು ಒಳಗೇ ಅಂದುಕೊಂಡೆ.

ಅಲ್ಲಿಯ ಜನ ವಿಚಿತ್ರ. ಅಂಗಡಿಗೆ ಬರಿಗಾಲಲ್ಲಿ ಬರುತ್ತಾರೆ. ದೊಡ್ಡ ಕಾರಿನಿಂದ ಇಳಿದವರೂ. ರಸ್ತೆ ಬದಿಯಲ್ಲಿ ಆಲೂಗಡ್ಡೆ ಚೀಲ ಇಟ್ಟು, ಪಕ್ಕದಲ್ಲಿ ಒಂದು ಡಬ್ಬಿ ಇಟ್ಟು ಹೋಗುತ್ತಾರೆ. ತಗೊಂಡವರು ದುಡ್ಡು ಹಾಕಬೇಕು. ನಾನು ಸುತ್ತ ನೋಡಿದೆ, ಯಾರಾದರೂ ಮರೆಯಲ್ಲಿ ನಿಂತು ಕಾಯುತ್ತಿರಬೇಕು ಎಂದು. ಯಾರೂ ಇರಲಿಲ್ಲ. ಇಂಥ ಜನರ ಹತ್ತಿರ ಹಳೇ ಗಾಡಿ ಕೊಳ್ಳುವುದು ಸುಲಭ ಎಂದುಕೊಂಡೆ. ಅದೇ ನನ್ನ ತಲೆಗೆ ಕವಿದ ಮೊದಲ ಮಂಕು.

"ಹೊಸ ಫಾರಮ್ಮಿನ ಕಡೆ ಮಳೆ ಜಾಸ್ತಿ ಮಾವ" ಎಂದಿದ್ದಳು ಶಶಿ.

"ಮಳೆ ಬಂದ್ರೆ ಒಳ್ಳೇದೇ ಅಲ್ಲೇನೆ" ಎಂದಿದ್ದೆ. ನಮ್ಮ ಜಿಲ್ಲೆಯವನು ಇನ್ನೇನು ಹೇಳಿಯಾನು.

ಟಿಮರೂ

ಮೊದಲ ಗಾಡಿ ನೋಡಿದ್ದು ಸಮುದ್ರದ ಪಕ್ಕದ ಈ ಊರಿನಲ್ಲಿ, ಹಳೇ ಗಾಡಿ ಮಾರುವವನ ಅಂಗಳದಲ್ಲಿ. ತಲೆಯ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡಿದ್ದ ಎತ್ತರದ ಆಳು. ಗಾಡಿ ಬಿಳಿ ಹಂಸದ ಹಾಗೆ ನಿಂತಿತ್ತು.

ನಾನು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಎಂಜಿನ್ ಓಡಿಸಿ ಇಟ್ಟಿದ್ದಾನೆ. ಹಳೇ ಡೀಸೆಲ್ ಎಂಜಿನ್ನಿನ ರೋಗ ತಿಳಿಯುವುದು ತಣ್ಣಗಿರುವಾಗ, ಮೊದಲ ಸಲ ಕೆಮ್ಮುವಾಗ. ಹೊಳಲ್ಕೆರೆಯ ಒಬ್ಬ ದಲ್ಲಾಳಿ ನನಗೆ ಇದೇ ಆಟ ಎಷ್ಟು ಸಲ ಆಡಿಲ್ಲ! ಆಮೇಲೆ ಟೈರು. ನೆಲ ಕಚ್ಚುವ ಗೀರುಗಳ ಹೂವು ಚೆನ್ನಾಗಿತ್ತು, ಸವೆದಿರಲಿಲ್ಲ. ಆದರೆ ಟೈರಿನ ಪಕ್ಕದಲ್ಲಿ ಸಣ್ಣ ಗೂಡಿನಲ್ಲಿ ನಾಲ್ಕು ಅಂಕಿ ಇರುತ್ತವೆ, ಯಾವ ವಾರ ಯಾವ ವರ್ಷ ತಯಾರಾಯಿತು ಎಂದು. ಇವು ನಿಂತಲ್ಲೇ ಮುದಿಯಾದ ಟೈರು. ಮನೆಗಾಡಿ ವರ್ಷಕ್ಕೆ ನಾಲ್ಕು ಸಲ ಓಡಿದರೆ ಹೆಚ್ಚು. ಟೈರು ಸವೆಯುವುದಿಲ್ಲ, ಒಣಗಿ ಬಿರಿಯುತ್ತದೆ. ಗಾಡಿಯ ಕೆಳಗೆ ಅಂಗಾತ ಮಲಗಿದೆ. ಹೊಚ್ಚ ಹೊಸ ಕಪ್ಪು ಬಣ್ಣ. ಹಳೇ ಗಾಡಿಯ ಹೊಟ್ಟೆಗೆ ಹೊಸ ಬಣ್ಣ ಯಾಕೆ? ಸ್ಕ್ರೂ ಡ್ರೈವರಿನ ತುದಿಯಿಂದ ಚುಚ್ಚಿದೆ. ಉಪ್ಪುಗಾಳಿ ತಿಂದ ಕಬ್ಬಿಣ ಹಪ್ಪಳದ ಹಾಗೆ ಉದುರಿತು.

ಎದ್ದು ಬಂದು ಶುರು ಮಾಡಿದೆ. "ಇದನ್ನ ಮಾರಾಕೆ ಇಟ್ಟೀಯಲ್ಲ, ನಿಂಗೆ ಮನೇಲಿ ಹೆಣ್ಮಕ್ಕಳಿಲ್ವೇನಯ್ಯ? ಈ ಹುಡುಗಿ ಇದ್ರಾಗೆ ಮಲಗಬೇಕು!"

ಅವನು ನಗುತ್ತಲೇ ಏನೋ ಅಂದ.

"ಏನಂತಾನೆ?"

"ಚಿಂತೆ ಮಾಡಬ್ಯಾಡ್ರಿ ಅಂತಾನೆ ಮಾವ."

"ಚಿಂತೆ ಮಾಡಾದು ನನ್ನ ಕೆಲ್ಸ, ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ ಅನ್ನು."

ಶಶಿ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದಳು. ಅವನು ತಲೆಬಾಗಿ ನನ್ನ ಕೈ ಕುಲುಕಿದ.

"ಏನಂದೆ?"

"ಥ್ಯಾಂಕ್ಸ್ ಅಂದೆ."

ನನ್ನ ಸಿಟ್ಟೆಲ್ಲ ಹೀಗೆ ಅವಳ ನಾಲಿಗೆ ದಾಟುವಷ್ಟರಲ್ಲಿ ಸೋರಿಹೋಗುತ್ತಿತ್ತು. ಹಿರಿಯೂರಿನಲ್ಲಾದರೆ ಮಾರುವವನೂ ಕೂಗುತ್ತಾನೆ, ಕೊಳ್ಳುವವನೂ ಕೂಗುತ್ತಾನೆ, ಆಮೇಲೆ ಇಬ್ಬರೂ ಚಹಾ ಕುಡಿಯುತ್ತಾರೆ. ಕಳ್ಳತನ ಸಿಕ್ಕಿಬಿದ್ದರೆ ಹಲ್ಲು ಕಿಸಿದು ರೇಟು ಇಳಿಸುತ್ತಾರೆ. ಅದೊಂದು ಮರ್ಯಾದೆ. ಇಲ್ಲಿ ಜಗಳಕ್ಕೆ ಎದುರಾಳಿಯೇ ಇಲ್ಲ.

ಆದರೂ ಅವತ್ತು ವಾಪಸು ಬರುವಾಗ ನಾನು ಬೀಗುತ್ತಿದ್ದೆ. "ನೋಡಿದ್ಯೇನೆ? ನಿಮ್ಮ ಮಾವನ ಕಣ್ಣು!" ಎಂದೆ. "ಅದಕ್ಕೇ ಅಲ್ವ ಕರೆಸಿದ್ದು" ಎಂದಳು.

ಜೆರಾಲ್ಡೀನ್

ಎರಡನೆಯ ಗಾಡಿ ಈ ಸಣ್ಣ ಊರಿನಲ್ಲಿ, ಕೆನ್ ಮತ್ತು ಮಾರ್ಗರೆಟ್ ಎಂಬ ವಯಸ್ಸಾದ ದಂಪತಿಯದು. ಕೆನ್‌ಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು, ಅದಕ್ಕೇ ಮಾರಾಟ. ಜಪಾನಿನ ಹಳೇ ಡೀಸೆಲ್ ಲಾರಿಯ ಮೇಲೆ ಕಟ್ಟಿದ್ದು. ಡ್ರೈವರ್ ತಲೆಯ ಮೇಲೆ ಮೂಗಿನ ಹಾಗೆ ಮುಂದಕ್ಕೆ ಚಾಚಿದ ಅಟ್ಟ, ಅದರಲ್ಲಿ ಹಾಸಿಗೆ.

ನಾನು ಶಶಿಯ ಕೈಲಿ ಮೊದಲೇ ಹೇಳಿಸಿದೆ: "ನಮ್ಮ ಮಾವ ಮೂವತ್ತು ವರ್ಷಕ್ಕೂ ಮೇಲೆ ಲಾರಿ ಬಾಡಿ ಕಟ್ಟಿದವರು. ಏನು ಮುಚ್ಚಿಟ್ರೂ ಕಂಡುಹಿಡೀತಾರೆ." ಕೆನ್ ಹುಬ್ಬೇರಿಸಿ, "ಹಾಗಾದರೆ ನಾನು ಬಾಯಿಮುಚ್ಚಿಕೊಂಡು ನಿಲ್ಲುತ್ತೇನೆ" ಎಂದು ಪಕ್ಕಕ್ಕೆ ಸರಿದ. ನಾನು ಅದನ್ನು ಗೌರವ ಎಂದುಕೊಂಡೆ.

ಅಂಗೈ ಇಟ್ಟೆ, ಎಂಜಿನ್ ತಣ್ಣಗಿತ್ತು. ಒಂದೇ ತಿರುವಿಗೆ ಶುರುವಾಯಿತು, ಕಪ್ಪು ಹೊಗೆ ಇಲ್ಲ, ನೀಲಿ ಹೊಗೆ ಇಲ್ಲ. ಟೈರು ಹೊಸವು. ಕೆಳಗೆ ಮಲಗಿ ನೋಡಿದೆ. ಚಾಸಿ ನಮ್ಮ ಕಡೆಯ ಲಾರಿಯಷ್ಟೇ ಒಣ. ಕಮಾನು ಪಟ್ಟಿ ಒಂದೂ ಮುರಿದಿರಲಿಲ್ಲ. ಗ್ಯಾಸ್ ಒಲೆ ನೀಲಿ ಉರಿಯಿತು. ನೀರಿನ ಪಂಪು ಸದ್ದು ಮಾಡಿ, ಒತ್ತಡ ತುಂಬಿದ ಮೇಲೆ ತಾನೇ ನಿಂತಿತು; ಎಲ್ಲೋ ಪೈಪು ಸೋರುತ್ತಿದ್ದರೆ ಅದು ನಿಲ್ಲುವುದಿಲ್ಲ, ಆಗಾಗ ಗುರ್ ಎನ್ನುತ್ತಿರುತ್ತದೆ. ಪಾಯಿಖಾನೆಯ ಹೊಲಸು ತುಂಬುವ ಪೆಟ್ಟಿಗೆಯನ್ನು ಕೆನ್ ಹೊರಗೆಳೆದು ತೋರಿಸಿದ; ಅದಕ್ಕೆ ಸೂಟ್‌ಕೇಸಿನ ಹಾಗೆ ಹಿಡಿಕೆ. ಅಡುಗೆ ಒಲೆಯಿಂದ ಕೈಯಳತೆಯಲ್ಲಿ ಪಾಯಿಖಾನೆ! ಆದರೂ ರಬ್ಬರಿನ ಅಂಚು ನೋಡಿ ಸರಿಯಿದೆ ಎಂದೆ.

ಇಷ್ಟಾಗುವಾಗ ನನ್ನ ಬೆರಳುಗಳು ಚಳಿಗೆ ಕಟ್ಟಿಗೆಯಾಗಿದ್ದವು. ಮಾರ್ಗರೆಟ್ ಗಾಡಿಯ ಬಾಗಿಲಲ್ಲಿ ನಿಂತು ಕರೆದಳು.

"ಒಳಗೆ ಬಂದು ಕುಂತ್ಕಳ್ರಿ ಅಂತಾರೆ ಮಾವ. ಚಹಾ ಮಾಡ್ಯಾರಂತೆ."

ಇಲ್ಲಿ ನಾನು ಕೆಟ್ಟೆ.

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಹೋದಾಗ ಒಂದು ಕಟ್ಟಳೆ ಇದೆ. ಹಿತ್ತಲು ನೋಡು, ನೀರು ನೋಡು, ಕಣಜದ ಮುಚ್ಚಳ ತೆಗೆದು ನೋಡು. ಎಲ್ಲ ನೋಡಿ ಮುಗಿಯುವವರೆಗೆ ಒಂದು ತುಂಡು ಬೆಲ್ಲವನ್ನೂ ಬಾಯಿಗೆ ಹಾಕಬೇಡ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರಲ್ಲ. ಅನ್ನ ತಿಂದ ಮೇಲೆ ಆ ಮನೆಯ ಕುಂದು ಹುಡುಕಲು ನಮ್ಮ ನಾಲಿಗೆ ಏಳುವುದಿಲ್ಲ, ಕಣ್ಣೂ ಏಳುವುದಿಲ್ಲ. ಅದು ರಕ್ತದಲ್ಲೇ ಇದೆ. ಅದಕ್ಕೇ ಮೊದಲು ಎಣಿಸಿ ಆಮೇಲೆ ಉಣ್ಣಬೇಕು.

ನಾನು ಮೊದಲು ಉಂಡೆ. ಆ ಗಾಡಿಯದೇ ಒಲೆಯಲ್ಲಿ ಸುಟ್ಟ ಬಾಳೆಹಣ್ಣಿನ ಕೇಕು, ಬಿಸಿಬಿಸಿ. ಎರಡು ತುಂಡು. ಮಾರ್ಗರೆಟ್ ನನ್ನ ಕೈ ನೋಡಿ, ತನ್ನ ಕೈಗವಸು ಬಿಚ್ಚಿ ನನಗೆ ಕೊಟ್ಟಳು. ಈ ಕಿಟಕಿಯಿಂದ ಡಾಲ್ಫಿನ್ ನೋಡಿದೆವು, ಈ ಮೇಜಿನ ಮೇಲೆ ಮೊಮ್ಮಗಳು ಬಣ್ಣ ಚೆಲ್ಲಿದಳು ಎಂದೆಲ್ಲ ಹೇಳುತ್ತಾ ಕಣ್ಣೊರೆಸಿಕೊಂಡಳು.

ಅಟ್ಟದ ಮೂಲೆಯಲ್ಲಿ ಸಂದು ಮುಚ್ಚುವ ಬಿಳಿ ಸಿಲಿಕೋನ್ ಬೆರಳುದಪ್ಪ ಎಳೆದಿತ್ತು. ಹಳೇ ಬಣ್ಣದ ನಡುವೆ ಅದು ಹೊಸದು. ಪಕ್ಕದ ಗೋಡೆಗೆ ಹೂವಿನ ಚಿತ್ರದ ಕಾಗದ, ಅಲ್ಲಿ ಮಾತ್ರ. ಕಂಡೆ. ಎದ್ದು ಹೋಗಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು ಎಂದು ಒಳಗೆ ಒಂದು ದನಿ ಹೇಳಿತು. ಕೇಕು ಬಾಯಲ್ಲಿತ್ತು. ಆ ಹೆಂಗಸಿನ ಕೈಗವಸು ನನ್ನ ಕೈಯಲ್ಲಿತ್ತು. ಅದರ ಬದಲು ಕಪಾಟು ತೆರೆದು ಬೆರಳಾಡಿಸಿದೆ. ಧೂಳಿರಲಿಲ್ಲ. ನಮ್ಮಲ್ಲಿ ಬಾಡಿ ಬಿಗಿಯಾಗಿದೆಯೋ ಇಲ್ಲವೋ ನೋಡುವುದು ಹಾಗೇ: ಧೂಳು ಒಳಗೆ ಬಂದಿದೆಯಾ? ಬಂದಿಲ್ಲ ಎಂದರೆ ಬಾಡಿ ಪಕ್ಕಾ. ನೀರು ಒಳಗೆ ಬರುತ್ತದೆಯೇ ಎಂದು ಚಿತ್ರದುರ್ಗದಲ್ಲಿ ಯಾವ ಗಿರಾಕಿ ಕೇಳಿದ್ದಾನೆ?

"ಗಾಡಿ ಚೆನ್ನಾಗೈತೆ. ತಗಾ" ಎಂದೆ.

ಶಶಿ ಫೋನಿನಲ್ಲೇ ಹಣ ಕಳಿಸಿದಳು. ಫೋನಿನಲ್ಲೇ ಗಾಡಿ ಅವಳ ಹೆಸರಿಗೆ ಬಂತು. ಚಹಾ ಆರುವಷ್ಟರಲ್ಲಿ ಮುಗಿಯಿತು. ನಮ್ಮ ಆರ್‌ಟಿಓ ಆಫೀಸನ್ನು ನಾನು ಜೀವಮಾನವೆಲ್ಲ ಬೈದಿದ್ದೇನೆ. ಆದರೆ ಅಲ್ಲಿ ಕಾಗದ ಓಡಾಡುವ ಹೊತ್ತಿಗೆ ಎಂಥ ಕಳ್ಳಗಾಡಿಯೂ ತನ್ನ ಗುಣ ತಾನೇ ತೋರಿಸಿರುತ್ತದೆ.

ಆರ್ಥರ್ಸ್ ಪಾಸ್ ದಾಟಿ

ಎರಡು ದಿನ ರಜೆ ಹಾಕಿ, ಹೊಸ ಫಾರಮ್ಮು ನೋಡಿ ಬರಲು ಹೊರಟೆವು. ಶಶಿಯೇ ಓಡಿಸಿದಳು. ಬೆಟ್ಟದ ಈ ಕಡೆ ಒಣಹುಲ್ಲು, ಕಲ್ಲು, ಬೋಳುಗುಡ್ಡ. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋದ ಹಾಗೇ ಇತ್ತು. ಆರ್ಥರ್ಸ್ ಪಾಸ್ ಎಂಬ ಘಟ್ಟದ ನೆತ್ತಿ ದಾಟಿದ್ದೇ ತಡ, ಕಾಡು ಕಪ್ಪಾಗಿ ಮೇಲೆ ಬಿತ್ತು. ಮಳೆ. ಕೊಡಪಾನ ಬಗ್ಗಿಸಿದ ಮಳೆ.

ನಾನು ಕಿಟಕಿ ಇಳಿಸಿ ಕೈ ಚಾಚಿದೆ. ಮಳೆ ಕಂಡರೆ ಕೈ ಚಾಚುವುದು ನಮ್ಮ ಕಡೆಯ ರೋಗ. "ಎಂಥಾ ಮಳೆನೇ ಶಶಿ! ಇದ್ರಾಗೆ ಕಾಲು ಭಾಗ ನಮ್ಮೂರಿಗೆ ಬಂದಿದ್ರೆ!" ಎಂದು ಕೂಗಿದೆ. ಅವಳೂ ನಕ್ಕಳು.

ಹೊಕಿಟಿಕಾ ಹತ್ತಿರ ಹೊಸ ಯಜಮಾನ ತೋರಿಸಿದ ಜಾಗದಲ್ಲಿ ಗಾಡಿ ನಿಲ್ಲಿಸಿದೆವು. ಶಶಿ ಅಟ್ಟಕ್ಕೆ ಹತ್ತಿದವಳು ದಿಂಬು ಹಿಡಿದು ವಾಪಸು ಇಳಿದಳು.

"ಯಾಕೆ?"

"ದಿಂಬು ನೆಂದೈತೆ ಮಾವ."

ಹತ್ತಿ ನೋಡಿದೆ. ಹೂವಿನ ಕಾಗದ ಉಬ್ಬಿ ಹೊಟ್ಟೆ ಬಿಟ್ಟಿತ್ತು. ಹೆಬ್ಬೆರಳು ಇಟ್ಟು ಒತ್ತಿದೆ. ಬೆರಳು ಒಳಗೇ ಹೋಯಿತು, ಬಿಸಿ ಮುದ್ದೆಯೊಳಗೆ ಹೋದ ಹಾಗೆ. ಹೊರಗೆ ಹೊಳೆಯುವ ಅಲ್ಯುಮಿನಿಯಂ ಶೀಟು, ಒಳಗೆ ಚೆಂದದ ಕಾಗದ, ನಡುವೆ ಮರದ ಚೌಕಟ್ಟು ಇರಬೇಕಾದ ಜಾಗದಲ್ಲಿ ಅಣಬೆ ವಾಸನೆಯ ಕಪ್ಪು ರೊಚ್ಚು. ಇಂಥ ಗಾಡಿ ಸಾಯುವುದು ಎಂಜಿನ್ನಿನಿಂದಲ್ಲ, ಸೂರಿನಿಂದ. ಬೆಟ್ಟದಾಚೆ ಬಯಲಿನಲ್ಲಿ ವರ್ಷಗಟ್ಟಲೆ ಅದು ಹೀಗೇ ನಿಂತಿರಬಹುದು. ಇಲ್ಲಿ ಒಂದು ಮಳೆಗಾಲ ತಡೆಯುವುದಿಲ್ಲ.

ನಾನು ಬಾಯಿಗೆ ಬಂದ ಹಾಗೆ ಬೈಯಲು ಶುರುಮಾಡಿದೆ. ಕೆನ್‌ನನ್ನು, ಅವನ ಮಂಡಿಯನ್ನು, ಕೇಕನ್ನು, ಆ ದೇಶವನ್ನು. ಶಶಿ ಪಾತ್ರೆ ತಂದು ಹನಿಯ ಕೆಳಗೆ ಇಟ್ಟಳು. ನನ್ನನ್ನು ಎಂದೂ ಬಹುವಚನದಲ್ಲೇ ಮಾತಾಡಿಸುವ ಹುಡುಗಿ.

"ನೀನು ತಲೆ ಎತ್ತಿ ನೋಡ್ಲೇ ಇಲ್ಲ, ಮಾವ."

"ನೋಡಿದ್ದೆ ಕಣೇ. ಆ ಯಮ್ಮ ಕೇಕು ಕೊಟ್ಲು..."

"ನನಗೆ ಕೇಕು ಬ್ಯಾಡಾಗಿತ್ತು. ಮನೆ ಬೇಕಾಗಿತ್ತು."

ತುಂಬಿದ ಪಾತ್ರೆ ಹೊರಗೆ ಚೆಲ್ಲಿ ಬಂದು ಮತ್ತೆ ಇಟ್ಟೆ. ಮಳೆ ನಿಲ್ಲಲಿಲ್ಲ.

ಮತ್ತೆ ಜೆರಾಲ್ಡೀನ್

ಕೆನ್ ಬಾಗಿಲು ತೆರೆಯುವ ಮುಂಚೆಯೇ ನಾನು ಕೂಗುತ್ತಿದ್ದೆ. ಈ ಸಲ ಶಶಿ ಒಂದು ಮಾತನ್ನೂ ತೆಳು ಮಾಡಲಿಲ್ಲ. ಅವನ ಮುಖ ಕೆಂಪಾದದ್ದು ನೋಡಿ ನನಗೆ ಸಮಾಧಾನವಾಯಿತು. ಆದರೆ ಅವನು ಹೇಳಿದ್ದು ಕೇಳಿ ಆ ಸಮಾಧಾನ ಹೋಯಿತು.

"ಹಳೇ ಗಾಡಿ. ಹಳೇ ಗಾಡಿಗಳೆಲ್ಲ ಸೋರುತ್ತವೆ. ನಾನು ಪ್ರತಿ ವರ್ಷ ಸಿಲಿಕೋನ್ ಹಚ್ಚುತ್ತಿದ್ದೆ. ಮರೆಮಾಡಿ ಇಟ್ಟಿರಲಿಲ್ಲ, ನಿಮ್ಮ ಕಣ್ಣೆದುರಿಗೇ ಇತ್ತು. ನೀವು ಬಾಡಿ ಕಟ್ಟುವವರು ಎಂದಿರಿ. ನೋಡಿ, ಒಪ್ಪಿ, ಕೊಂಡಿರಿ ಎಂದುಕೊಂಡೆ."

"ನೀನು ಯಾಕೆ ಬಾಯಿಬಿಟ್ಟು ಹೇಳ್ಲಿಲ್ಲ?"

"ನೀವು ಕೇಳಲಿಲ್ಲ."

ಓದುಗರೇ, ಸುಳ್ಳು ಹೇಳುವವನನ್ನು ನಾನು ಹಿಡಿಯಬಲ್ಲೆ. ಆ ವಿದ್ಯೆ ನನಗೆ ಬಂದಿದೆ. ಕೇಳಿದ್ದಕ್ಕೆ ಮಾತ್ರ ನಿಜ ಹೇಳಿ, ಕೇಳದ್ದನ್ನು ಚಹಾದ ಜೊತೆ ಬಡಿಸುವವನನ್ನು ಹಿಡಿಯುವ ವಿದ್ಯೆ ಯಾವ ಶೆಡ್ಡಿನಲ್ಲೂ ಕಲಿಸುವುದಿಲ್ಲ. ಗಾಡಿ ವಾಪಸು ತಗೊಳ್ಳುವುದಿಲ್ಲ ಎಂದ ಕೆನ್. ಅವನ ಹೆಂಡತಿ ಅವನನ್ನು ಒಳಗೆ ಕರೆದೊಯ್ದಳು. ಗೋಡೆಯಾಚೆ ಅವಳ ದನಿ ಏರಿದ್ದು ಕೇಳಿಸಿತು. ಆಚೆ ಬಂದ ಕೆನ್ ನೆಲ ನೋಡುತ್ತಾ ಹೇಳಿದ: ಹಿಂದೆ ದೊಡ್ಡ ಶೆಡ್ ಇದೆ, ಹತಾರಗಳಿವೆ, ಶೀಟು ಮತ್ತು ಸಾಮಾನಿನ ಖರ್ಚು ತನ್ನದು.

"ಇವನ ಶೆಡ್ಡಿನಾಗೆ ಕಾಲಿಡಲ್ಲ ನಾನು" ಎಂದೆ.

"ಜೂನ್ ಒಂದಕ್ಕೆ ನಿಮ್ಮ ಸಿಟ್ಟಿನಾಗೆ ಮಲಗಾಕೆ ಆಗಲ್ಲ ಮಾವ" ಎಂದಳು ಶಶಿ.

ಕಾಲಿಟ್ಟೆ.

ಕಾಗದ ಕಿತ್ತು, ಪ್ಲೈವುಡ್ ಕಿತ್ತು ನೋಡಿದರೆ ಅಟ್ಟದ ಎರಡೂ ಮೂಲೆ ಸತ್ತಿದ್ದವು. ಹಿಂದಿನ ಸೂರು ಮಾತ್ರ ಪುಣ್ಯಕ್ಕೆ ಗಟ್ಟಿ. ಅಟ್ಟವನ್ನು ಇದ್ದ ಹಾಗೆ ಕಟ್ಟಲು ಹೊತ್ತಿರಲಿಲ್ಲ. ಆ ಮೂಗನ್ನೇ ಕೊಯ್ದು ಹಾಕಿದೆ. ನಮ್ಮ ಲಾರಿಗಳಿಗೆ ಕಟ್ಟುವ ಹಾಗೆ ಅಲ್ಯುಮಿನಿಯಂ ಆಂಗಲ್ ಚೌಕಟ್ಟು ಕೂರಿಸಿ, ನೀರು ನಿಲ್ಲದಂತೆ ಮುಂದಕ್ಕೆ ಇಳಿಜಾರು ಕೊಟ್ಟು, ಶೀಟು ಮಡಿಚಿ ರಿವಿಟ್ ಹೊಡೆದೆ. ಕೆನ್ ಮಂಡಿ ಹಿಡಿದುಕೊಂಡೇ ಬಂದು ಟಾರ್ಚು ಹಿಡಿಯುತ್ತಿದ್ದ, ರಿವಿಟ್ ಎಣಿಸಿ ಕೊಡುತ್ತಿದ್ದ. ನನ್ನನ್ನು "ಟಿಪ್ಪಿ" ಎಂದು ಕರೆಯುತ್ತಿದ್ದ. ನಾನು ಕೈ ಮಾತ್ರ ಚಾಚುತ್ತಿದ್ದೆ. ಮಾರ್ಗರೆಟ್ ತಂದ ತಟ್ಟೆ ಬಾಗಿಲ ಬಳಿಯೇ ಆರುತ್ತಿತ್ತು. ಶಶಿ ಹಾಲು ಕರೆದು ಮುಗಿಸಿ ಬಂದು ಕಸ ಗುಡಿಸಿ ಹೋಗುತ್ತಿದ್ದಳು.

ಕೊನೆಗೆ ನೆಲದ ತುಂಬ, ಹಾಸಿಗೆಯ ತುಂಬ ಒಣ ನ್ಯೂಸ್‌ಪೇಪರ್ ಹಾಸಿ ನಾನು ಒಳಗೆ ಕುಳಿತೆ. ಕೆನ್ ಹೊರಗಿನಿಂದ ಪೈಪು ಹಿಡಿದು ನೀರು ಬಿಟ್ಟ. ಪೇಪರಿನ ಮೇಲೆ ಹನಿ ಬಿದ್ದರೆ ಕಲೆ ಎದ್ದು ಕಾಣುತ್ತದೆ, ಕಣ್ಣು ತಪ್ಪಿಸಲು ಆಗುವುದಿಲ್ಲ. ಎಡಗಡೆ ಕಿಟಕಿಯ ಮೇಲೆ ಒಂದು ಕಲೆ ಬಿತ್ತು. ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೆ ನೀರು. ಈ ಸಲ ಪೇಪರು ಒಣಗೇ ಉಳಿಯಿತು. ಹಳೇ ಮನೆಗಾಡಿ ಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ದುಡ್ಡು ಕೊಡುವ ಮುಂಚೆ ಈ ಪೈಪು, ಈ ಪೇಪರು ಕೇಳಿರಿ. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ, ಗೋಡೆಗೆ ಮೂಗಿಟ್ಟು ಮೂಸಿ, ಹೊಸ ಸಿಲಿಕೋನ್ ಕಂಡಲ್ಲಿ ಸ್ಕ್ರೂ ಬಿಚ್ಚಿಸಿ. ಮಾರುವವನು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಅಲ್ಲಿಯ ತಪಾಸಣೆಯವರು ಗಾಡಿ ನೋಡಿ, ರಸ್ತೆಗೆ ಇಳಿಸಬಹುದು ಎಂದು ಚೀಟಿ ಅಂಟಿಸಿದರು. ಹೊರಡುವಾಗ ಕೆನ್ ಕೈ ಚಾಚಿದ. ಶಶಿ ಕುಲುಕಿದಳು. ನಾನು ಗಾಡಿ ಹತ್ತಿದೆ.

ಜೂನ್ ಒಂದು

ಅವತ್ತು ಆ ದೇಶದ ಹಳ್ಳಿರಸ್ತೆಗಳನ್ನು ನೋಡಬೇಕು. ಟ್ರೇಲರುಗಳ ಮೇಲೆ ಮಂಚ, ವಾಷಿಂಗ್ ಮಷೀನು, ಮಕ್ಕಳ ಸೈಕಲ್ಲು, ಬೊಗಳುವ ನಾಯಿ. ನಮ್ಮ ಕಡೆ ಕುರಿಯವರು ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ಹೋಗುವುದು ನೋಡಿದ್ದೇನೆ. ಅವರಿಗೆ ಊರು ಅಂತ ಒಂದಿರುತ್ತದೆ, ಮಳೆಗಾಲಕ್ಕೆ ವಾಪಸು ಬರುತ್ತಾರೆ. ಇವರು ವಾಪಸು ಬರಲು ಹೋಗುವವರಲ್ಲ. ಹಾಲು ಕುಡಿಯುವವರಿಗೆಲ್ಲ ಮನೆ ಇದೆ, ಕರೆಯುವವರಿಗೆ ಇಲ್ಲ. ಇಂಥ ಶ್ರೀಮಂತ ದೇಶದಲ್ಲಿ ಇದು ಯಾರಿಗೂ ನಾಚಿಕೆ ಅನ್ನಿಸಿಲ್ಲ ಎಂಬ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ನಮ್ಮ ಗಾಡಿ ಅವರ ನಡುವೆ ಮೂಗು ಕೊಯ್ದ ಶೂರ್ಪನಖಿಯ ಹಾಗೆ ಹೋಗುತ್ತಿತ್ತು. ಹೊಸ ಯಜಮಾನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಏನೋ ಅಂದ.

"ಏನಂತಾನೆ?"

"ಬಾಳ ಚೆನ್ನಾಗೈತಂತೆ ಮಾವ."

ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಅವನು ಹಾಗೆ ಅಂದಿರಲಿಲ್ಲ.

ಅಟ್ಟ ಹೋದದ್ದರಿಂದ ಮೇಜು ಮಡಿಚಿದರೆ ಮಾತ್ರ ಹಾಸಿಗೆ. ಮನೆ ಸಣ್ಣದಾಯಿತು. ಸಾಯಂಕಾಲ ಮಳೆ ಶುರುವಾಯಿತು. ಇಬ್ಬರೂ ಸೂರು ನೋಡುತ್ತಾ ಕುಳಿತೆವು. ತುಂಬಾ ಹೊತ್ತಾದ ಮೇಲೆ ಶಶಿ ಎದ್ದು ಚೀಲದಿಂದ ಸುತ್ತಿಗೆ, ಒಂದು ಮೊಳೆ ತಂದಳು.

"ಇಲ್ಲಿ ಹೊಡೀಲಾ ಮಾವ? ತೂತಾಗಿ ಸೋರಲ್ಲ ಅಲ್ಲ?"

ಒಳಗಡೆ ಎಲ್ಲಿ ಆಂಗಲ್ ಇಲ್ಲ, ಎಲ್ಲಿ ಮರದ ಪಟ್ಟಿ ಇದೆ ಎಂದು ಬೆರಳಿಟ್ಟು ತೋರಿಸಿದೆ. "ಹೊಡಿ" ಎಂದೆ. ಹೊಡೆದಳು.

ಹಿರಿಯೂರು

ಈಗ ನನ್ನ ಬಳಿ ಇರುವುದು ಇಷ್ಟು. ಹೆದ್ದಾರಿ ಪಕ್ಕ ಒಂದು ಶೆಡ್. ಎರಡು ವೆಲ್ಡಿಂಗ್ ಮಷೀನು, ಅದರಲ್ಲಿ ಒಂದು ಕೆಟ್ಟಿದೆ. ನಾಲ್ಕು ಜನ ಕೆಲಸಗಾರರು. ಕಟ್ಟಿ ಮುಗಿಯದ ಎರಡು ಲಾರಿ ಬಾಡಿ. ಒಂದು ಪಾಸ್‌ಪೋರ್ಟು. ವಾರಕ್ಕೊಮ್ಮೆ "ಮಳೆ ಜೋರೈತೆ, ಸೋರಿಲ್ಲ" ಎಂದು ಫೋನು ಮಾಡುವ ಒಬ್ಬಳು ಸೋದರಸೊಸೆ. ಸಿಟ್ಟು ಎರಡು: ಕೆನ್ ಮೇಲೆ ಒಂದು, ನನ್ನ ಮೇಲೆ ಒಂದು.